ಊರವರಿಲ್ಲದ ಊರು



ದಕ್ಷಿಣ ಕೊರಿಯಾಕ್ಕೆ ಕರೆದೊಯ್ಯುವ ಗುಂಪು ಪ್ರವಾಸಗಳ ಪಟ್ಟಿಯಲ್ಲಿ ಒಂದು ಸಾಲು ಬಹುಮಟ್ಟಿಗೆ ಇದ್ದೇ ಇರುತ್ತದೆ: ‘ಕೊರಿಯನ್ ಜಾನಪದ ಗ್ರಾಮ, ಎರಡು ಗಂಟೆ’. ಅದರ ಮೇಲಿನ ಸಾಲು ಸುವೊನ್ ನಗರದ ಕೋಟೆ, ಕೆಳಗಿನದು ಎವರ್‌ಲ್ಯಾಂಡ್ ಎಂಬ ಮೋಜಿನ ಉದ್ಯಾನ. ಇವೆರಡರ ನಡುವೆ ಸಿಕ್ಕಿಕೊಂಡ ಈ ಗ್ರಾಮವನ್ನು ನಮ್ಮವರು ಊಟ ಅರಗಿಸಿಕೊಳ್ಳಲು ಹಾಕುವ ಒಂದು ಸುತ್ತು ಎನ್ನುವಂತೆ ನೋಡಿ ಮುಗಿಸುತ್ತಾರೆ. ಬಸ್ಸಿಗೆ ಹತ್ತುವಾಗ, ‘ಅದೆಲ್ಲ ಸೆಟ್ ಹಾಕಿರೋದು ಕಣ್ರೀ, ನಿಜವಾದ ಹಳ್ಳಿ ಅಲ್ಲ’ ಎಂದು ಯಾರಾದರೂ ಹೇಳುತ್ತಾರೆ. ಉಳಿದವರು ತಲೆದೂಗುತ್ತಾರೆ. ಆ ಮಾತಿನ ಮೊದಲರ್ಧ ತಪ್ಪು, ಎರಡನೆಯರ್ಧ ಸರಿ. ಇವತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆಯೇ.

ಸೋಲ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಯೊಂಗಿನ್ ಎಂಬ ಊರು. ದಾರಿಯುದ್ದಕ್ಕೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಅಪಾರ್ಟ್‌ಮೆಂಟುಗಳು, ಗೋಡೆಯ ಮೇಲೆ ದಪ್ಪಗೆ ಬರೆದ ಅವುಗಳ ನಂಬರುಗಳು. ಇದೇ ಯೊಂಗಿನ್ನಿನ ಗಿಹಂಗ್ ಭಾಗದಲ್ಲಿ ಸ್ಯಾಮ್‌ಸಂಗ್ ಕಂಪನಿಯ ಚಿಪ್ ಕಾರ್ಖಾನೆಯಿದೆ. 1980ರ ದಶಕದಲ್ಲಿ ಆ ದೇಶದ ಸೆಮಿಕಂಡಕ್ಟರ್ ಉದ್ಯಮ ಬೇರು ಬಿಟ್ಟದ್ದು ಅಲ್ಲಿ. ಅದೇ ಗಿಹಂಗ್‌ನಲ್ಲಿ, ಆ ಕಾರ್ಖಾನೆಗೂ ಮೊದಲು, 1974ರ ಅಕ್ಟೋಬರ್ 3ರಂದು ಜಾನಪದ ಗ್ರಾಮ ಬಾಗಿಲು ತೆರೆಯಿತು. ಹುಲ್ಲು ಮತ್ತು ಹೆಂಚು ಹೊದ್ದ 260ಕ್ಕೂ ಹೆಚ್ಚು ಮನೆಗಳು, ನಡುವೆ ಹರಿಯುವ ಒಂದು ಹೊಳೆ, ಅದಕ್ಕೊಂದು ಮರದ ಸಂಕ, ನೀರಿನಿಂದ ತಿರುಗುವ ಗಿರಣಿ, ಕಮ್ಮಾರಸಾಲೆ, ಮಡಕೆ ಸುಡುವ ಭಟ್ಟಿ, ಔಷಧದ ಅಂಗಡಿ, ಸರ್ಕಾರಿ ಕಚೇರಿ, ಅದರೊಳಗೊಂದು ಸೆರೆಮನೆ. ಕೊರಿಯಾವನ್ನು ಐನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದ ಜೊಸೊನ್ ರಾಜವಂಶದ ಕೊನೆಗಾಲ ಹೇಗಿತ್ತು ಎಂದು ತೋರಿಸುವುದು ಇದರ ಉದ್ದೇಶ.

ಈಗ ಸೆಟ್ ಎಂಬ ಮಾತಿಗೆ ಬರೋಣ. ಇಲ್ಲಿ ಸಿನಿಮಾದವರು ಬರುವುದು ಸುಳ್ಳಲ್ಲ. 2003ರಲ್ಲಿ ಶುರುವಾಗಿ ಏಷ್ಯಾದ ಮನೆಮನೆ ಹೊಕ್ಕ ‘ಡೇ ಜಾಂಗ್ ಗಮ್’ ಎಂಬ ಟಿ.ವಿ. ಧಾರಾವಾಹಿಯ ಚಿತ್ರೀಕರಣವೂ ಇಲ್ಲಿ ನಡೆದಿದೆ. ನಾನು ಹೋಗಿದ್ದ ಗುಂಪಿನ ಇಬ್ಬರು ಕಾಲೇಜು ಹುಡುಗಿಯರಂತೂ ಯಾವ ಧಾರಾವಾಹಿಯಲ್ಲಿ ಯಾರು ಯಾವ ಬಾಗಿಲಿನಿಂದ ಹೊರಗೆ ಬಂದರು ಎಂಬುದನ್ನು ಗೈಡಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಆದರೆ ಇಲ್ಲಿನ ಎಷ್ಟೋ ಮನೆಗಳು ದೇಶದ ಬೇರೆ ಬೇರೆ ಪ್ರಾಂತಗಳಲ್ಲಿ ಜನ ಬಾಳಿ ಬದುಕಿದ ಮನೆಗಳು. ಕಂಬ, ತೊಲೆ, ಹೆಂಚುಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಗೋಡೆಗೆ ಗೋಡೆ, ಅಂಗಳಕ್ಕೆ ಅಂಗಳ ಹೊಂದಿಕೊಂಡ ದೊಡ್ಡ ಶ್ರೀಮಂತರ ಮನೆಯೊಂದು ಇಲ್ಲಿದೆ. 19ನೆಯ ಶತಮಾನದಲ್ಲಿ ಸುವೊನ್‌ನಲ್ಲಿ ಕಟ್ಟಿದ ಮನೆ ಅದು. ಅದನ್ನು 99 ಅಂಕಣದ ಮನೆ ಎನ್ನುತ್ತಾರೆ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ನೂರು ತುಂಬಿಸುವ ಹಕ್ಕು ಅರಸನಿಗೆ ಮಾತ್ರ ಎಂಬ ನಂಬಿಕೆ ಇದ್ದದ್ದರಿಂದ ಹಣವುಳ್ಳವನು ತೊಂಬತ್ತೊಂಬತ್ತಕ್ಕೆ ನಿಲ್ಲುತ್ತಿದ್ದನಂತೆ. ಗಂಡಸರ ಮತ್ತು ಅತಿಥಿಗಳ ಚಾವಡಿ ಮುಂದೆ, ಹೆಂಗಸರ ಮನೆ ಒಳಗೆ, ಆಳುಗಳ ಸಾಲುಕೋಣೆ ಹೆಬ್ಬಾಗಿಲಿಗೆ ಅಂಟಿಕೊಂಡು. ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಗೋಡೆಗಳೇ ಹೇಳುತ್ತಿದ್ದವು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ನೋಡಿದವರಿಗೆ ಈ ಕೆಲಸದ ಕಷ್ಟ ಗೊತ್ತಿರುತ್ತದೆ. ಹಳೆಯ ಮನೆಯನ್ನು ಕೆಡವುವುದಕ್ಕೆ ಒಂದು ಜೆ.ಸಿ.ಬಿ. ಸಾಕು. ಬಿಚ್ಚಿ ತಂದು ನಿಲ್ಲಿಸುವುದಕ್ಕೆ ಪ್ರತಿ ತೊಲೆಗೂ ಗುರುತು ಹಾಕುವ ತಾಳ್ಮೆ ಬೇಕು. ಶೆಣೈ ಅವರು ಅದನ್ನು ಬಹುಮಟ್ಟಿಗೆ ಒಬ್ಬಂಟಿ ಹಟದಿಂದ ಮಾಡಿದರು. ಯೊಂಗಿನ್ನಿನಲ್ಲಿ ಹಿಂದೆ ಒಂದು ಸರ್ಕಾರದ ಒತ್ತಾಸೆ ಇತ್ತು. ಆ ಸರ್ಕಾರ ಅದೇ ಹೊತ್ತಿಗೆ ತನ್ನ ಇನ್ನೊಂದು ಕೈಯಿಂದ ಏನು ಮಾಡುತ್ತಿತ್ತು ಎಂಬುದು ಗೈಡುಗಳು ಸಾಮಾನ್ಯವಾಗಿ ಹೇಳದ ಕಥೆ.

ನನಗೆ ಆ ಕಥೆಯ ನೆನಪು ಬಂದದ್ದು ನಮ್ಮ ಗುಂಪಿನಲ್ಲಿದ್ದ ಹಾವೇರಿ ಕಡೆಯ ಒಬ್ಬ ರೈತರಿಂದ. ಮಗ ಸೊಸೆಯ ಒತ್ತಾಯಕ್ಕೆ ಹೊರಟು ಬಂದಿದ್ದವರು. ಎಲ್ಲರೂ ಹುಲ್ಲಿನ ಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಇವರು ಸೂರಿನ ಅಂಚಿಗೆ ಕೈ ಹಾಕಿ ಒಂದೆಳೆ ಹುಲ್ಲನ್ನು ಬೆರಳಲ್ಲಿ ಮಡಚಿ ನೋಡಿದರು. ‘ಇದು ಭತ್ತದ ಹುಲ್ಲರೀ ಮೇಡಮ್ಮಾರ. ಇಷ್ಟ್ ಉದ್ದನ್ ಹುಲ್ಲು ಈಗೆಲ್ಲಿ ಸಿಗತೈತಿ ಇವರಿಗೆ? ಕೇಳ್ರಿ ಸ್ವಲ್ಪ’ ಎಂದರು. ಟೂರ್ ಮ್ಯಾನೇಜರ್ ಹುಡುಗ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಗೈಡ್ ಹೆಣ್ಣುಮಗಳು ನಗುತ್ತ, ಕೊಯ್ಲಾದ ಮೇಲೆ ಹೊಸ ಹುಲ್ಲು ಹೊದಿಸುತ್ತಾರೆ, ನೋಡಲು ಚೆನ್ನಾಗಿರುತ್ತದೆ ಎಂದರು. ನಮ್ಮ ರೈತರ ಪ್ರಶ್ನೆ ಅದಾಗಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ 1970ಕ್ಕೆ ಹೋಗಬೇಕು. ಆ ವರ್ಷ ಏಪ್ರಿಲ್‌ನಲ್ಲಿ ಅಧ್ಯಕ್ಷ ಪಾರ್ಕ್ ಚುಂಗ್ ಹೀ ‘ಸೆಮಾಉಲ್’ ಎಂಬ ಹೊಸ ಹಳ್ಳಿಯ ಚಳವಳಿಯನ್ನು ಆರಂಭಿಸಿದರು. ಪಾರ್ಕ್ ಸೈನ್ಯದಿಂದ ಬಂದು ಅಧಿಕಾರ ಹಿಡಿದವರು, ಸ್ವತಃ ಬಡ ರೈತನ ಮಗ. ದೇಶದಲ್ಲಿ ಸಿಮೆಂಟು ಮಾರಾಟವಾಗದೆ ಉಳಿದಿತ್ತು. ಸುಮಾರು 33 ಸಾವಿರ ಹಳ್ಳಿಗಳಿಗೆ ತಲಾ 335 ಚೀಲ ಸಿಮೆಂಟನ್ನು ಸರ್ಕಾರ ಬಿಟ್ಟಿಯಾಗಿ ಹಂಚಿತು. ಅದರಿಂದ ಊರಿಗೆ ಬೇಕಾದ ಕೆಲಸ ಮಾಡಿಕೊಳ್ಳಬೇಕು, ಮನೆಮನೆಗೆ ಪಾಲು ಹಾಕಿಕೊಳ್ಳುವಂತಿಲ್ಲ ಎಂಬುದು ಷರತ್ತು. ಕೆಲಸ ಮಾಡಿ ತೋರಿಸಿದ ಹಳ್ಳಿಗಳಿಗೆ ಮುಂದೆ ಇನ್ನಷ್ಟು ಸಿಮೆಂಟು, ಜೊತೆಗೆ ಕಬ್ಬಿಣ. ಓಣಿಗಳು ಅಗಲವಾದವು, ಸೇತುವೆಗಳಾದವು, ಕೆರೆದಂಡೆಗಳು ಗಟ್ಟಿಯಾದವು. ಇದನ್ನು ಹಗುರವಾಗಿ ಕಾಣುವಂತಿಲ್ಲ. ಯುದ್ಧದಲ್ಲಿ ನುಚ್ಚುನೂರಾದ ಒಂದು ದೇಶದ ಹಳ್ಳಿಗಾಡು ಕೆಸರಿನಿಂದ ಮೇಲೆದ್ದದ್ದರಲ್ಲಿ ಈ ಚಳವಳಿಯ ಪಾಲು ದೊಡ್ಡದು.

ಆದರೆ ಅದೇ ಉತ್ಸಾಹದಲ್ಲಿ ಹುಲ್ಲಿನ ಮಾಡು ಬಡತನದ ಗುರುತಾಯಿತು. ಹುಲ್ಲು ಕಿತ್ತು ಸ್ಲೇಟು ಅಥವಾ ಸಿಮೆಂಟು ಹೆಂಚು ಹಾಕಬೇಕೆಂದು ಅಧಿಕಾರಿಗಳು ಬೆನ್ನು ಹತ್ತಿದರು. ಹೆದ್ದಾರಿಯಿಂದ ಕಾಣುವ ಮನೆಗಳ ಮೇಲೆ ಒತ್ತಡ ಇನ್ನೂ ಹೆಚ್ಚು. ಆ ಸ್ಲೇಟಿನಲ್ಲಿ ಕಲ್ನಾರು ಇತ್ತು, ಅದು ಶ್ವಾಸಕೋಶಕ್ಕೆ ವಿಷ ಎಂಬ ಅರಿವು ದೇಶಕ್ಕೆ ಮೂಡಿದ್ದು ತಡವಾಗಿ. ಈಗ ಅದೇ ಸ್ಲೇಟನ್ನು ಕೀಳಲು ಸರ್ಕಾರವೇ ಹಣ ಕೊಡುತ್ತಿದೆ. ಊರ ಬಾಗಿಲಿನ ಮರದ ಕಾವಲು ದೇವರುಗಳು, ಕಲ್ಲುಗುಪ್ಪೆಯ ಗ್ರಾಮದೇವತೆಗಳು, ಮೈಮೇಲೆ ದೇವರು ಬರಿಸಿಕೊಳ್ಳುವ ಹೆಂಗಸರು, ಇವೆಲ್ಲ ಮೂಢನಂಬಿಕೆಯ ಲೆಕ್ಕಕ್ಕೆ ಸೇರಿ ಅವಕ್ಕೂ ಕಿರುಕುಳವಾಯಿತು.

ಹುಲ್ಲಿನ ಉದ್ದದ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಅದೇ ವರ್ಷಗಳಲ್ಲಿ ಕೊರಿಯಾ ‘ತೊಂಗಿಲ್’ ಎಂಬ ಹೊಸ ಭತ್ತದ ತಳಿಯನ್ನು ರೈತರ ಗದ್ದೆಗಿಳಿಸಿತು. ಫಿಲಿಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಈ ತಳಿಯ ಹಿರಿಯರಲ್ಲಿ ಒಂದು, ನಮ್ಮ ರೈತರಿಗೂ ಚೆನ್ನಾಗಿ ಗೊತ್ತಿದ್ದ ಐ.ಆರ್. 8. ಇಳುವರಿ ಭರ್ತಿ. 1977ರ ಹೊತ್ತಿಗೆ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಅನ್ನ ಅಂಟಂಟಾಗಿ ಬರುವುದಿಲ್ಲ, ರುಚಿಯಿಲ್ಲ ಎಂದು ಜನ ಗೊಣಗಿದರು, ಅದು ಬೇರೆ ಮಾತು. ಆದರೆ ತೊಂಗಿಲ್ ಕುಳ್ಳ ತಳಿ. ಅದರ ಹುಲ್ಲು ಗಿಡ್ಡ, ಬಲವಿಲ್ಲದ್ದು. ಮಾಡಿಗೆ ಹೊದಿಸಲು ಬಾರದು, ಹಗ್ಗ ಹೊಸೆಯಲು ಬಾರದು. ಹುಲ್ಲಿನಲ್ಲೇ ಚಪ್ಪಲಿ, ಚಾಪೆ, ಬುಟ್ಟಿ, ಮಳೆಗೊಪ್ಪೆ ಮಾಡಿಕೊಂಡಿದ್ದ ಸಮಾಜಕ್ಕೆ ಆ ಹುಲ್ಲೇ ಗಿಡ್ಡವಾದರೆ ಏನಾಗುತ್ತದೆ? ಹೀಗೆ ಒಂದು ಕಡೆಯಿಂದ ಸಿಮೆಂಟು ಬಂತು, ಇನ್ನೊಂದು ಕಡೆಯಿಂದ ಭತ್ತವೇ ಬದಲಾಯಿತು. ಹುಲ್ಲಿನ ಮನೆ ಕೆಲವೇ ವರ್ಷಗಳಲ್ಲಿ ಕೊರಿಯಾದ ನೆಲದಿಂದ ಹೆಚ್ಚುಕಡಿಮೆ ಅಳಿಸಿಹೋಯಿತು.

ಈಗ 1974ನೆಯ ಇಸವಿಯನ್ನು ಮತ್ತೆ ನೋಡಿ. ದೇಶದ ತುಂಬ ಹುಲ್ಲಿನ ಮಾಡು ಕೀಳುವ ಕೆಲಸ ಭರದಿಂದ ನಡೆದಿದ್ದಾಗ ಯೊಂಗಿನ್ನಿನಲ್ಲಿ ಹುಲ್ಲಿನ ಮಾಡು ಹೊದಿಸಿ ಟಿಕೆಟು ಇಟ್ಟರು. ವಿದೇಶಿ ಪ್ರವಾಸಿಗಳಿಗೆ ತೋರಿಸಲು ಒಂದು ಹಳೆಯ ಕೊರಿಯಾ ಬೇಕಾಗಿತ್ತು. ಇದರಲ್ಲಿ ಕಪಟವಿದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಡವುವ ಹೊತ್ತಿನಲ್ಲೇ ಒಂದಷ್ಟನ್ನು ಎತ್ತಿಡಬೇಕೆಂಬ ಬುದ್ಧಿ ಎಲ್ಲ ಸರ್ಕಾರಗಳಿಗೂ ಹೊಳೆಯುವುದಿಲ್ಲ. ಆಂದೊಂಗ್ ಎಂಬಲ್ಲಿ 1976ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಲಿದ್ದ ಹಳೆಯ ಕಟ್ಟಡಗಳಲ್ಲಿ ಕೆಲವನ್ನು ಎತ್ತಿ ಹತ್ತಿರದ ಎತ್ತರದ ಜಾಗಕ್ಕೆ ಸಾಗಿಸಿದರು. ಅದೂ ಈಗ ಇನ್ನೊಂದು ಜಾನಪದ ಗ್ರಾಮ. ಶರಾವತಿಯ ಮುಳುಗಡೆಯಲ್ಲಿ ಮನೆ ಕಳೆದುಕೊಂಡ ನಮ್ಮ ಮಲೆನಾಡಿನವರು ಇದನ್ನು ಕೇಳಿದರೆ ಒಂದು ನಿಟ್ಟುಸಿರು ಬಿಟ್ಟಾರು.

ಯೊಂಗಿನ್ನಿನ ಗ್ರಾಮದ ಒಳಗೆ ಏನು ನೋಡಬೇಕು ಎಂಬುದು ಮುಂದಿನ ಮಾತು. ಪ್ರವಾಸದವರು ನಿಮ್ಮನ್ನು ಓಡಿಸುವುದು ಪ್ರದರ್ಶನಗಳ ಕಡೆಗೆ. ರೈತರ ಮೇಳವಾದ್ಯ, ಹಗ್ಗದ ಮೇಲಿನ ನಡಿಗೆ, ಕುದುರೆ ಸವಾರಿಯ ಕಸರತ್ತು, ಹಳೆಯ ಪದ್ಧತಿಯ ಮದುವೆ. ಒಂದರ ಬೆನ್ನಿಗೆ ಒಂದು ಇರುವುದರಿಂದ ಗುಂಪುಗಳು ಕೊಡೆ ಎತ್ತಿದ ಗೈಡಿನ ಹಿಂದೆ ಓಡುತ್ತಲೇ ಇರುತ್ತವೆ. ಹಗ್ಗದ ಮೇಲೆ ನಡೆಯುವವನನ್ನು ಮಾತ್ರ ಬಿಡಬೇಡಿ. ಬರಿಯ ಸಮತೋಲದ ಚಮತ್ಕಾರ ಅದಲ್ಲ. ಕೈಯಲ್ಲೊಂದು ಬೀಸಣಿಗೆ ಹಿಡಿದು ಅವನು ಹಗ್ಗದ ಮೇಲೆ ಕೂತು, ಎದ್ದು, ನೆಗೆದು, ನಡುನಡುವೆ ಕೆಳಗಿರುವ ವಾದ್ಯದವರ ಜೊತೆ ಹರಟೆಗಿಳಿಯುತ್ತಾನೆ. ದೊಡ್ಡಮನುಷ್ಯರನ್ನು ಗೇಲಿ ಮಾಡುತ್ತಾನೆ, ಬೀಳುವವನಂತೆ ನಟಿಸಿ ಎದುರಿಗಿರುವ ಅಜ್ಜಿಯರಿಂದ ಬೈಸಿಕೊಳ್ಳುತ್ತಾನೆ. ಯುನೆಸ್ಕೊ 2011ರಲ್ಲಿ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸುವಾಗಲೂ ಈ ಮಾತುಗಾರಿಕೆಯನ್ನು ಎತ್ತಿ ಹೇಳಿತ್ತು. ಭಾಷೆ ತಿಳಿಯದ ನಮಗೂ ನಗು ಬಂತು. ರೈತರ ಮೇಳವಾದ್ಯ ಪಟ್ಟಿಗೆ ಬಂದದ್ದು 2014ರಲ್ಲಿ. ಟೋಪಿಯ ತುದಿಗೆ ಕಟ್ಟಿದ ಉದ್ದನೆಯ ಪಟ್ಟಿಯನ್ನು ಕುತ್ತಿಗೆಯ ತಿರುವಿನಲ್ಲೇ ಗಾಳಿಯಲ್ಲಿ ಸುತ್ತಿಸುತ್ತ ಕುಣಿಯುವವರ ಕುತ್ತಿಗೆಗೆ ರಾತ್ರಿ ಏನು ಎಣ್ಣೆ ಹಚ್ಚುತ್ತಾರೋ ತಿಳಿಯದು.

ಮದುವೆಯ ಪ್ರದರ್ಶನದಲ್ಲಿ ವರ ಮರದ ಹೆಬ್ಬಾತೊಂದನ್ನು ತಂದು ಹೆಣ್ಣಿನ ಮನೆಯಲ್ಲಿ ಇಡುತ್ತಾನೆ. ಹೆಬ್ಬಾತು ಒಮ್ಮೆ ಜೋಡಿಯಾದರೆ ಸಾಯುವತನಕ ಬಿಡದು ಎಂಬ ನಂಬಿಕೆ. ವಧುವಿನ ಕೆನ್ನೆಗೆ ಎರಡು ಕೆಂಪು ಬೊಟ್ಟು, ಹಣೆಗೊಂದು. ಇಬ್ಬರು ಹೆಂಗಸರು ಹಿಡಿದು ಕೂರಿಸಿ ಏಳಿಸುತ್ತಾರೆ. ಮದುವೆಯಾದ ಮೇಲೆ ಸೊಸೆ ಮಾವ ಅತ್ತೆಗೆ ನಮಸ್ಕರಿಸಿದಾಗ ಅವರು ಬೋರೆಯಂಥ ಜುಜುಬೆ ಹಣ್ಣನ್ನೂ ಚೆಸ್ಟ್‌ನಟ್ ಬೀಜವನ್ನೂ ಅವಳು ಚಾಚಿದ ಬಟ್ಟೆಗೆ ಎಸೆಯುತ್ತಾರೆ, ಮಕ್ಕಳಾಗಲಿ ಎಂಬ ಹಾರೈಕೆಗೆ. ಗೈಡ್ ಇದನ್ನು ಬಿಡಿಸಿ ಹೇಳುತ್ತಿದ್ದಂತೆ ನಮ್ಮ ಜೊತೆಗಿದ್ದ ಹಾಸನದ ಹಿರಿಯ ತಾಯಿ ಪಕ್ಕದವರಿಗೆ, ‘ನೋಡಮ್ಮ, ಇವರೂ ಮಡಿಲು ತುಂಬ್ತಾರೆ’ ಎಂದರು. ಅಷ್ಟು ಹೊತ್ತು ಕಾಲುನೋವಿನಿಂದ ಬೇಸತ್ತಿದ್ದವರು ಆಮೇಲೆ ಮುಂದಿನ ಸಾಲಿಗೇ ಹೋಗಿ ನಿಂತರು.

ಆದರೂ ಈ ಗ್ರಾಮದ ನಿಜವಾದ ಸೊಗಸು ಇರುವುದು ಪ್ರದರ್ಶನದ ಮೈದಾನದಲ್ಲಿ ಅಲ್ಲ, ಜನ ಇಣುಕಿ ಹೊರಟುಹೋಗುವ ಖಾಲಿ ಅಡುಗೆಮನೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಕೊರಿಯಾದ ಹಳೆಯ ಅಡುಗೆಮನೆ ಪಕ್ಕದ ಕೋಣೆಗಿಂತ ತಗ್ಗಿನಲ್ಲಿರುತ್ತದೆ. ಒಲೆಯ ಮೇಲೆ ದೊಡ್ಡ ಎರಕದ ಕಬ್ಬಿಣದ ಹಂಡೆ, ಅದರಲ್ಲಿ ಅನ್ನ. ಒಲೆಯ ಬೆಂಕಿ ಮತ್ತು ಹೊಗೆ ಮೇಲಕ್ಕೆ ಹೋಗದೆ ಗೋಡೆಯಡಿಯಿಂದ ನುಗ್ಗಿ ಪಕ್ಕದ ಕೋಣೆಯ ನೆಲದ ಕೆಳಗೆ ಹಾಯುತ್ತದೆ. ನೆಲದಡಿ ಕಾಲುವೆಗಳು, ಕಾಲುವೆಗಳ ಮೇಲೆ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಎಣ್ಣೆ ಹಚ್ಚಿದ ದಪ್ಪ ಕಾಗದ. ಹೊಗೆ ಇಡೀ ಕೋಣೆಯ ಅಡಿಯನ್ನು ದಾಟಿ ಆ ಬದಿಯ ಚಿಮಣಿಯಿಂದ ಹೊರಗೆ ಬರುತ್ತದೆ. ಇದಕ್ಕೆ ‘ಒಂದೊಲ್’ ಎಂದು ಹೆಸರು. ಅನ್ನ ಬೇಯಿಸಿದ ಬೆಂಕಿಯೇ ಕೋಣೆಯನ್ನು ಬೆಚ್ಚಗಿಡುತ್ತದೆ. ಬೆಂಕಿ ಆರಿದರೂ ಕಲ್ಲಿನ ಕಾವು ರಾತ್ರಿಯಿಡೀ ಉಳಿಯುತ್ತದೆ. ಒಲೆಗೆ ಹತ್ತಿರವಾದ ನೆಲ ಹೆಚ್ಚು ಬಿಸಿ. ಆ ಜಾಗ ಮನೆಯ ಹಿರಿಯರಿಗೆ, ಬಂದ ಅತಿಥಿಗೆ. ಚಿಮಣಿಯ ಕಡೆಯ ತಣ್ಣನೆ ಮೂಲೆ ಕಿರಿಯರಿಗೆ. ಬೇಸಿಗೆಗೆ ಬೇರೆ ಏರ್ಪಾಡು: ಎರಡು ಕೋಣೆಗಳ ನಡುವೆ ಹಲಗೆ ಹಾಸಿದ ತೆರೆದ ಪಡಸಾಲೆ. ಹಲಗೆಯ ಸಂದಿನಿಂದ ಗಾಳಿ ಬರುತ್ತದೆ. ಚಳಿಗಾಲದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವ, ಬೇಸಿಗೆಯಲ್ಲಿ ಬೆವರಿಳಿಸುವ ನೆಲಕ್ಕೆ ಇದಕ್ಕಿಂತ ಜಾಣ ಮನೆ ಕಟ್ಟುವುದು ಕಷ್ಟ.

ಈ ನೆಲದ ಬಿಸಿಯ ಚರಿತ್ರೆಯಲ್ಲಿ ಸಾವೂ ಇದೆ. ಬೆಟ್ಟಗಳು ಸೌದೆಗೆ ಬೋಳಾದ ಮೇಲೆ ಕೊರಿಯನ್ನರು ರಂಧ್ರವಿರುವ ಕಲ್ಲಿದ್ದಲಿನ ಇಟ್ಟಿಗೆಗಳನ್ನು ಉರಿಸತೊಡಗಿದರು. ನೆಲ ಎಲ್ಲೋ ಬಿರುಕು ಬಿಟ್ಟು ವಿಷಗಾಳಿ ಒಳಗೆ ಬಂದು ಮಲಗಿದವರು ಮಲಗಿದಲ್ಲೇ ಸತ್ತ ಸುದ್ದಿ ಮುಂದಿನ ದಶಕಗಳಲ್ಲಿ ಪ್ರತಿ ಚಳಿಗಾಲವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಈಗ ನೆಲದಡಿ ಬಿಸಿನೀರಿನ ಕೊಳವೆಗಳು. ದಾರಿಯಲ್ಲಿ ಕಂಡೆವಲ್ಲ, ಆ ಅಪಾರ್ಟ್‌ಮೆಂಟುಗಳ ಇಪ್ಪತ್ತನೆಯ ಅಂತಸ್ತಿನಲ್ಲೂ ಒಂದೊಲ್ ಇದೆ. ಹುಲ್ಲಿನ ಮಾಡು ಹೋಯಿತು, ಬೆಚ್ಚಗಿನ ನೆಲ ಹೋಗಲಿಲ್ಲ. ಜನ ಏನನ್ನು ಬಿಟ್ಟುಕೊಟ್ಟರು, ಏನನ್ನು ಬಿಡಲಿಲ್ಲ ಎಂದು ಲೆಕ್ಕ ಹಾಕಿದರೆ ಒಂದು ನಾಡಿನ ಸ್ವಭಾವ ತಿಳಿಯುತ್ತದೆ.

ಹಿತ್ತಿಲಿನಲ್ಲಿ ಬಿಸಿಲು ಬೀಳುವ ಕಟ್ಟೆಯ ಮೇಲೆ ಕಂದು ಬಣ್ಣದ ಭರಣಿಗಳ ಸಾಲು. ಸೋಯಾ ಅವರೆಯನ್ನು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ತಟ್ಟಿ, ಭತ್ತದ ಹುಲ್ಲಿನಿಂದ ಕಟ್ಟಿ ಸೂರಿಗೆ ತೂಗುಹಾಕುತ್ತಾರೆ. ಹುಲ್ಲಿನಲ್ಲಿರುವ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಆಮೇಲೆ ಉಪ್ಪುನೀರಿನ ಭರಣಿಯಲ್ಲಿ ಮುಳುಗಿಸಿ, ಮೇಲೆ ಇದ್ದಿಲು, ಒಣಮೆಣಸಿನಕಾಯಿ ತೇಲಿಬಿಡುತ್ತಾರೆ. ತಿಂಗಳೆರಡು ತಿಂಗಳ ಮೇಲೆ ಬಸಿದರೆ ನೀರು ಸೋಯಾ ಸಾಸ್, ಗಷ್ಟು ‘ದ್ವೆಂಜಾಂಗ್’ ಎಂಬ ಖಾದ್ಯಲೇಪ. ಈ ಕಲೆಯೂ 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಭರಣಿಯ ಕುತ್ತಿಗೆಗೆ ಎಡಕ್ಕೆ ಹೊಸೆದ ಹುಲ್ಲಿನ ಹಗ್ಗ, ಹೊಟ್ಟೆಗೆ ತಲೆಕೆಳಗಾಗಿ ಅಂಟಿಸಿದ ಬಿಳಿ ಕಾಗದದ ಕಾಲುಚೀಲದ ಆಕಾರ. ಎರಡೂ ಕೆಟ್ಟದ್ದು ಹತ್ತಿರ ಸುಳಿಯದಿರಲಿ ಎಂದು. ಇದೇ ಎಡಹೊಸೆಯ ಹಗ್ಗವನ್ನು ಮಗು ಹುಟ್ಟಿದ ಮನೆಯ ಬಾಗಿಲಿಗೂ ಕಟ್ಟುತ್ತಿದ್ದರು. ಗಂಡಾದರೆ ಅದಕ್ಕೆ ಕೆಂಪು ಮೆಣಸಿನಕಾಯಿ, ಹೆಣ್ಣಾದರೆ ಇದ್ದಿಲು ಮತ್ತು ದೇವದಾರಿನ ಜಾತಿಯ ಎಲೆ. ಮೂರು ವಾರ ಹೊರಗಿನವರು ಒಳಗೆ ಕಾಲಿಡುವಂತಿಲ್ಲ.

ಊಟದ ಮಾತು ಬಂದದ್ದರಿಂದ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಕಿಮ್ಚಿ ತರಕಾರಿಯದ್ದೇ ಎಂದು ನಂಬಿ ತಟ್ಟೆ ತುಂಬಿಸಿಕೊಳ್ಳಬೇಡಿ. ಸಾಮಾನ್ಯವಾಗಿ ಅದರಲ್ಲಿ ಉಪ್ಪು ಹಾಕಿದ ಸೀಗಡಿಯೋ ಮೀನಿನ ರಸವೋ ಇರುತ್ತದೆ. ಬೌದ್ಧ ಮಠಗಳ ಅಡುಗೆಯಲ್ಲಿ ಮಾತ್ರ ಮಾಂಸ, ಮೀನು, ಕಡೆಗೆ ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ನಮ್ಮ ಗುಂಪಿನವರು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಹೊತ್ತು ತಂದಿದ್ದರು. ಗ್ರಾಮದ ಅನ್ನದಂಗಡಿಯ ಬೆಂಚಿನಲ್ಲಿ ಬಿಳಿ ಅನ್ನ ತರಿಸಿ ಕಲಸಿದರು. ಆ ಅನ್ನ ಒಂದಕ್ಕೊಂದು ಅಂಟಿಕೊಳ್ಳುವ ಜಾತಿಯದು. ಗೊಜ್ಜು ಅದಕ್ಕೆ ಒಗ್ಗಲೇ ಇಲ್ಲ.

ಇನ್ನೊಂದು ಮನೆಯನ್ನು ಹುಡುಕಿಕೊಂಡು ಹೋಗಿ ನೋಡಿ. ಅದು ದಕ್ಷಿಣದ ಜೇಜು ದ್ವೀಪದ ಮನೆ. ಜ್ವಾಲಾಮುಖಿಯ ಕಪ್ಪು ಕಲ್ಲಿನ ಗೋಡೆ, ಗಾಳಿಗೆ ಹಾರದಂತೆ ಹಗ್ಗದಿಂದ ಬಲೆ ಹೆಣೆದು ಬಿಗಿದ ಹುಲ್ಲಿನ ಮಾಡು. ಅದಕ್ಕೆ ಬಾಗಿಲಿನ ಬದಲು ತೂತು ಕೊರೆದ ಎರಡು ಕಲ್ಲುಕಂಬ, ಅಡ್ಡಲಾಗಿ ಮೂರು ಗಳ. ಮೂರೂ ಕೆಳಗಿದ್ದರೆ ಮನೆಯಲ್ಲಿದ್ದಾರೆ, ಬನ್ನಿ. ಒಂದು ಗಳ ಹಾಕಿದ್ದರೆ ಇಲ್ಲೇ ಹತ್ತಿರ ಹೋಗಿದ್ದಾರೆ. ಎರಡಿದ್ದರೆ ಬರುವುದು ಸಂಜೆಯಾದೀತು. ಮೂರೂ ಅಡ್ಡವಿದ್ದರೆ ದೂರದ ಪ್ರಯಾಣ. ಕಳ್ಳನಿಗೂ ಇಷ್ಟು ವಿವರವಾಗಿ ಹೇಳುವ ಧೈರ್ಯ ಆ ದ್ವೀಪದವರಿಗಿತ್ತು.

ಸರ್ಕಾರಿ ಕಚೇರಿಯ ಅಂಗಳದಲ್ಲಿ ಛಡಿಯೇಟು ಕೊಡಲು ಆರೋಪಿಯನ್ನು ಕಟ್ಟುತ್ತಿದ್ದ ಮರದ ಮಣೆ ಇದೆ. ಪ್ರವಾಸಿಗಳು ಅದರ ಮೇಲೆ ಬೋರಲು ಮಲಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮವರೂ ಮಲಗಿದರು. ಬೀದಿಯಲ್ಲಿ ಹರಕು ಬಟ್ಟೆ ತೊಟ್ಟ ಭಿಕ್ಷುಕನ ವೇಷದ ನಟ ಬಂದು ಪೀಡಿಸುತ್ತಾನೆ, ಜನ ನಕ್ಕು ಕಾಸು ಕೊಡುತ್ತಾರೆ. ಇಂಥ ಕಡೆ ನನಗೆ ಸ್ವಲ್ಪ ಇರಿಸುಮುರಿಸಾಗುತ್ತದೆ. ಜೊಸೊನ್ ಕಾಲದ ಕೊರಿಯಾದಲ್ಲಿ ಜನ್ಮದಿಂದ ಜೀತದಾಳುಗಳಾದವರು ಲಕ್ಷಗಟ್ಟಲೆ ಇದ್ದರು. ತೊಂಬತ್ತೊಂಬತ್ತು ಅಂಕಣದ ಮನೆ ನಡೆಯುತ್ತಿದ್ದುದು ಅವರ ಬೆನ್ನಿನ ಮೇಲೆ. ಗ್ರಾಮದಲ್ಲಿ ಆಳುಗಳ ಕೋಣೆ ಇದೆ, ಆಳುಗಳ ಕಥೆ ಇಲ್ಲ. ಊರವರಿಲ್ಲದ ಊರಿನಲ್ಲಿ ಎಲ್ಲರೂ ಸುಖವಾಗಿದ್ದಂತೆ ಕಾಣುವುದು ಸುಲಭ.

ಹಾಗಾದರೆ ನಿಜವಾದ ಹಳ್ಳಿಗೇ ಹೋಗಬಾರದೆ ಎಂದು ನೀವು ಕೇಳಬಹುದು. ಹೋಗಬಹುದು. ಆಂದೊಂಗ್ ಬಳಿ ನಕ್ದೊಂಗ್ ನದಿ ಸುತ್ತುವರಿದ ಹಾಹೊಯೆ ಇದೆ. ರ್ಯು ಮನೆತನದವರು ಆರುನೂರು ವರ್ಷಗಳಿಂದ ಬಾಳುತ್ತಿರುವ ಊರು. 16ನೆಯ ಶತಮಾನದ ಕೊನೆಯಲ್ಲಿ ಜಪಾನ್ ದಂಡೆತ್ತಿ ಬಂದಾಗ ರಾಜ್ಯದ ಪ್ರಧಾನಿಯಾಗಿದ್ದು, ಆ ಯುದ್ಧದ ತಪ್ಪೊಪ್ಪುಗಳನ್ನು ಬರೆದಿಟ್ಟ ರ್ಯು ಸೊಂಗ್ ರ್ಯೊಂಗ್ ಇದೇ ಮನೆತನದವರು. ಊರ ನಡುವೆ ಹೆಂಚಿನ ಮನೆಗಳು, ಸುತ್ತ ಅಂಚಿನಲ್ಲಿ ಹುಲ್ಲಿನವು. ಯಾರು ಒಡೆಯರು, ಯಾರು ಒಕ್ಕಲು ಎಂದು ಕೇಳಬೇಕಿಲ್ಲ. ಆ ಅಂಚಿನ ಜನ ಮುಖವಾಡ ಹಾಕಿಕೊಂಡು ಒಡೆಯರನ್ನೂ ಪಂಡಿತರನ್ನೂ ಸನ್ಯಾಸಿಗಳನ್ನೂ ಹಿಗ್ಗಾಮುಗ್ಗಾ ಗೇಲಿ ಮಾಡುವ ಆಟವೊಂದಿದೆ. ಒಡೆಯರು ಅದಕ್ಕೆ ಅಡ್ಡಿ ಮಾಡದೆ ಖರ್ಚಿಗೂ ಕೊಡುತ್ತಿದ್ದರು. ಒಡೆಯನ ಮುಖವಾಡದ ದವಡೆ ಬೇರೆ ತುಂಡು. ತಲೆ ಹಿಂದಕ್ಕೆಸೆದರೆ ಮುಖ ನಗುತ್ತದೆ, ಮುಂದೆ ಬಗ್ಗಿಸಿದರೆ ಸಿಡುಕುತ್ತದೆ. ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ 1999ರಲ್ಲಿ ತಮ್ಮ ಹುಟ್ಟುಹಬ್ಬದ ದಿನ ಈ ಊರಿಗೆ ಬಂದಿದ್ದರು. 2010ರಲ್ಲಿ ಗ್ಯೊಂಗ್‌ಜು ಬಳಿಯ ಯಾಂಗ್‌ದೊಂಗ್ ಜೊತೆಗೆ ಇದು ವಿಶ್ವ ಪರಂಪರೆಯ ತಾಣವಾಯಿತು. ಯೊಂಗಿನ್ನಿನಲ್ಲಿ ಸಿಗದ ಒಂದು ಸಂಗತಿ ಇಲ್ಲಿದೆ. ಹುಲ್ಲಿನ ಮಾಡಿನಡಿ ಯಾರೋ ಟಿ.ವಿ. ನೋಡುತ್ತಿರುತ್ತಾರೆ, ಅಂಗಳದಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಗೋಡೆಯಾಚೆ ಯಾರೋ ಕೆಮ್ಮುತ್ತಾರೆ.

ನನ್ನ ತಕರಾರು ಇರುವುದೂ ಇಲ್ಲಿಯೇ. ನಲವತ್ತು ಜನರ ಗುಂಪು ಇಂಥ ಊರಿಗೆ ಇಳಿದರೆ ಏನಾಗುತ್ತದೆ ಎಂದು ಯೋಚಿಸಿ. ನಮ್ಮಲ್ಲಿ ಹಲವರಿಗೆ ತೆರೆದ ಬಾಗಿಲು ಕಂಡರೆ ಒಳಗೆ ಇಣುಕುವ ಚಾಳಿ. ಒಣಗಲು ಹಾಕಿದ ಮೆಣಸಿನಕಾಯಿ ಮುಟ್ಟಿ ನೋಡುವ ಚಾಳಿ. ಜೋರಾಗಿ ಮಾತಾಡುವುದನ್ನಂತೂ ಚಾಳಿ ಎನ್ನುವಂತಿಲ್ಲ, ಅದು ನಮಗೆ ಉಸಿರಾಟ. ಇದು ಕನ್ನಡಿಗರದ್ದಷ್ಟೇ ಗುಣವಲ್ಲ, ಎಲ್ಲ ದೇಶದ ಗುಂಪುಗಳೂ ಹೀಗೆಯೇ. ಅಲ್ಲಿ ಬದುಕುತ್ತಿರುವ ಅಜ್ಜಿ ನಮ್ಮ ಫೋಟೊಕ್ಕಾಗಿ ಎಷ್ಟು ಸಲ ನಗಬೇಕು? ಹಾಗಾಗಿ, ಸೆಟ್ ಎಂದು ಮೂಗು ಮುರಿಯುವ ಆ ಯೊಂಗಿನ್ನಿನ ಗ್ರಾಮವೇ ಗುಂಪು ಪ್ರವಾಸಕ್ಕೆ ಹೆಚ್ಚು ಮರ್ಯಾದೆಯ ಆಯ್ಕೆ ಎಂದು ನಾನು ಹೇಳುತ್ತೇನೆ. ಅಲ್ಲಿ ಯಾವ ಬಾಗಿಲಲ್ಲಿ ಇಣುಕಿದರೂ ಯಾರ ಮಾನವೂ ಹೋಗುವುದಿಲ್ಲ. ಒಲೆಯ ಬಾಯಿಗೆ ತಲೆ ಹಾಕಿ ನೋಡಿ, ಗಿರಣಿಯ ಗೂಟ ಹಿಡಿದು ಎಳೆಯಿರಿ, ಗಳ ಎತ್ತಿ ಇಳಿಸಿ, ಆ ಊರು ಇರುವುದೇ ಅದಕ್ಕೆ. ಜನ ಬಾಳುವ ಹಳ್ಳಿಗೆ ಇಬ್ಬರೋ ನಾಲ್ವರೋ ಹೋಗಿ. ಹಾಹೊಯೆಯಲ್ಲಿ ರಾತ್ರಿ ತಂಗಲು ಮನೆಗಳು ಸಿಗುತ್ತವೆ. ಬೆಚ್ಚನೆಯ ನೆಲದ ಮೇಲೆ ಮಲಗಿ, ಬೆಳಿಗ್ಗೆ ಬಸ್ಸುಗಳು ಬರುವ ಮುಂಚೆ ಊರು ಸುತ್ತಿ.

ಪ್ರವಾಸ ಏರ್ಪಡಿಸುವವರಿಗೂ ಒಂದು ಕೋರಿಕೆ. ಜಾನಪದ ಗ್ರಾಮಕ್ಕೆ ಎರಡು ಗಂಟೆ ಸಾಲದು. ಅರ್ಧ ದಿನ ಕೊಡಿ. ಗಿರಾಕಿಗಳು ಕೇಳದಿದ್ದರೆ ಅವರು ಕೊಡುವುದಿಲ್ಲವಾದ್ದರಿಂದ, ಹಣ ಕಟ್ಟುವ ಮೊದಲೇ ನೀವು ಕೇಳಿ. ಪ್ರದರ್ಶನಗಳ ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಚಳಿಗಾಲದಲ್ಲಿ ಕಡಿಮೆ. ಕೊಯ್ಲು ಮುಗಿದ ಶರತ್ಕಾಲದಲ್ಲಿ ಹೋದರೆ ಮಾಡಿಗೆ ಹೊಸ ಹುಲ್ಲು ಹೊದಿಸುವುದನ್ನು ನೋಡುವ ಅವಕಾಶವೂ ಸಿಗಬಹುದು.

ಜನ ಬಾಳುವ ಕಡೆ ಗುಂಪುಗಳು ಇಳಿದರೆ ಏನಾಗುತ್ತದೆ ಎಂದೆನಲ್ಲ, ಸೋಲ್ ನಗರದೊಳಗೇ ಇರುವ ಬುಕ್‌ಚೊನ್ ಎಂಬ ಹಳೆಯ ಹೆಂಚಿನ ಮನೆಗಳ ಕೇರಿಗೂ ನಿಮ್ಮನ್ನು ಕರೆದೊಯ್ಯುತ್ತಾರೆ. ಅಲ್ಲಿ ಜನ ವಾಸವಾಗಿದ್ದಾರೆ, ಪ್ರವಾಸಿಗಳ ಗದ್ದಲಕ್ಕೆ ಬೇಸತ್ತು ಎಷ್ಟೋ ಮನೆಯವರು ಬಿಟ್ಟುಹೋಗಿದ್ದಾರೆ. ಈಗ ಆ ಕೇರಿಯ ಮುಖ್ಯ ಭಾಗದಲ್ಲಿ ಪ್ರವಾಸಿಗಳು ತಿರುಗಾಡಬಹುದಾದದ್ದು ಬೆಳಿಗ್ಗೆ 10ರಿಂದ ಸಂಜೆ 5ರ ತನಕ ಮಾತ್ರ. ಆ ಹೊತ್ತು ಮೀರಿ ಅಲ್ಲಿ ಅಡ್ಡಾಡುವವರಿಗೆ 2025ರ ಮಾರ್ಚ್‌ನಿಂದ 1 ಲಕ್ಷ ವೊನ್ ದಂಡ.